ಮೊದಲು ಕೇಳಿ, ಆಮೇಲೆ ಕತ್ತರಿಸಿ

ಕತೆ ಬರೆದುಕೊಂಡಿರುವ ನಿಮಗೆ ಮೆಡಿಕಲ್ ಕಾಲೇಜಿನ ಉಸಾಬರಿ ಏಕೆ ಎಂದು ಸರ್ಜನ್ ಆಗಿರುವ ಗೆಳೆಯರೊಬ್ಬರು ಈಚೆಗೆ ನಮ್ಮನ್ನು ಕೇಳಿದರು. ಸಭೆಯೊಂದರಲ್ಲಿ ನಾವು ಮಾತಾಡುತ್ತ, ವೈದ್ಯ ವಿದ್ಯಾರ್ಥಿಗಳಿಗೆ ಆಪರೇಷನ್ ಮಾಡುವುದನ್ನು ಕಲಿಸುವ ಮೊದಲು ಅದು ಯಾರಿಗೆ ಬೇಕು, ಯಾರಿಗೆ ಬೇಡ, ಯಾರಿಗೆ ಈ ರಾತ್ರಿಯೇ ಬೇಕು ಎಂದು ಅರಿಯುವುದನ್ನು ಕಲಿಸಬೇಕು. ಆ ಪಾಠ ಈಗ ಪುಸ್ತಕದಲ್ಲಿದೆ, ವಾರ್ಡಿನಲ್ಲಿ ಇಲ್ಲ ಎಂದುಬಿಟ್ಟಿದ್ದೆವು. ಅವರಿಗೆ ಸಿಟ್ಟು ಬಂದಿತ್ತು. "ನಿಮ್ಮ ಕತೆಯಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕು ಎಂದು ಹೇಳಲು ನಾನು ಬರುತ್ತೇನೆಯೆ?" ಎಂದರು. ಮಾತಿನಲ್ಲಿ ನ್ಯಾಯವಿದೆ. ಆದರೆ ನಮ್ಮ ಅಲ್ಪವಿರಾಮ ತಪ್ಪಿದರೆ ಯಾರ ಕರುಳೂ ಕೊಳೆಯುವುದಿಲ್ಲ. ಅವರ ಪಾಠ ತಪ್ಪಿದರೆ ಕೊಳೆಯುತ್ತದೆ. ನಮ್ಮ ಮನೆಯಲ್ಲಿಯೇ ಕೊಳೆತಿದೆ. ಆದ್ದರಿಂದ ಈ ಉಸಾಬರಿ.

ಇನ್ನೂ ಒಂದು ಕಾರಣವಿದೆ. ಸರ್ಜರಿ ವಿಭಾಗಕ್ಕೆ ಮೊದಲ ಸಲ ಕಾಲಿಡುವ ಹುಡುಗ ಹುಡುಗಿಯರ ಕೈಗೆ ಯಾರೂ ಚಾಕು ಕೊಡುವುದಿಲ್ಲ. ಒಂದು ಹಾಸಿಗೆ ತೋರಿಸಿ, ಹೋಗಿ ಹಿಸ್ಟರಿ ತೆಗೆದುಕೊಂಡು ಬನ್ನಿ ಎನ್ನುತ್ತಾರೆ. ಹಿಸ್ಟರಿ ಎಂದರೇನು? ಒಬ್ಬ ಮನುಷ್ಯ ತನ್ನ ಮೈಯಲ್ಲಿ ನಡೆದ ಕತೆಯನ್ನು ಹೇಳುವುದು, ಇನ್ನೊಬ್ಬ ಅದನ್ನು ಕೇಳುವುದು. ಕತೆ ಹೇಳುವುದೂ ಕೇಳುವುದೂ ನಮ್ಮ ಕಸುಬು. ಉರ್ದುವಿನಲ್ಲಿ ಪೂಛ್‌ನಾ ಬೇರೆ, ಸುನ್‌ನಾ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು: ಕೇಳು. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇಂದು ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಮೊದಲನೆಯ ಕೇಳುವಿಕೆ ಅಷ್ಟಿಷ್ಟು ಉಳಿದುಕೊಂಡಿದೆ. ಎರಡನೆಯದು ಸಾಯುತ್ತ ಬಂದಿದೆ ಎಂಬುದು ನಮ್ಮ ತಕರಾರು.

ನಮ್ಮ ಖಾಲಾ, ಅಂದರೆ ತಾಯಿಯ ಅಕ್ಕ, ಎಪ್ಪತ್ತು ದಾಟಿದ ವಿಧವೆ. ಕೆಲವು ವರ್ಷಗಳ ಹಿಂದೆ ಅವರಿಗೆ ಹೊಟ್ಟೆನೋವು ಬಂತು, ವಾಂತಿಯಾಯಿತು. ನಮ್ಮ ನಾಡಿನಲ್ಲಿ ಹೊಟ್ಟೆಯ ಯಾವ ಕಾಯಿಲೆಗೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿದೆಯಲ್ಲ, ಬೀದಿಯ ಕ್ಲಿನಿಕ್ಕಿನವರು ಅದಕ್ಕೇ ಔಷಧ ಕೊಟ್ಟರು. ಎರಡು ದಿನ ಕಳೆಯಿತು. ಹೊಟ್ಟೆ ಉಬ್ಬಿತು, ವಾಂತಿ ಹಸಿರಾಯಿತು. ಮೆಡಿಕಲ್ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರು "ಏನಾಗಿದೆ?" ಎಂದು ಕೇಳಿದಾಗ ಉತ್ತರ ಹೇಳಿದವರು ಖಾಲಾ ಅಲ್ಲ, ನಾವು. "ಗ್ಯಾಸ್ಟ್ರಿಕ್ ಸಾರ್, ಎರಡು ದಿನದಿಂದ" ಎಂದೆವು. ಅವರು ಬರೆದುಕೊಂಡರು. ಈ ತಪ್ಪನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇವೆ, ಮುಂದೆ ಬೇರೆಯವರ ತಪ್ಪು ಹೇಳುವುದಿದೆ.

ಮರುದಿನ ಬೆಳಿಗ್ಗೆ ರೌಂಡ್ಸ್ ಬಂತು. ಹೆಂಗಸರ ವಾರ್ಡಾದ್ದರಿಂದ ನಾವು ಬಾಗಿಲ ಬಳಿ ನಿಂತಿದ್ದೆವು, ನಮ್ಮ ಮನೆಯವರು ಹಾಸಿಗೆಯ ಪಕ್ಕದಲ್ಲಿದ್ದರು. ಯೂನಿಟ್ಟಿನ ಹಿರಿಯರು, ಅವರ ಹಿಂದೆ ಪಿಜಿಗಳು, ಹೌಸ್ ಸರ್ಜನ್‌ಗಳು, ಅವರ ಹಿಂದೆ ಬಿಳಿ ಕೋಟಿನ ಹದಿನೈದು ವಿದ್ಯಾರ್ಥಿಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕರುಳು ಕಟ್ಟಿದೆ ಎಂದು ಗೊತ್ತಾಯಿತು. ಕರುಳು ಕಟ್ಟಲು ಕಾರಣಗಳೇನು ಎಂದು ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು. ಮಕ್ಕಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು. ಆ ಪಟ್ಟಿಯಲ್ಲಿ ಹರ್ನಿಯಾ ಇತ್ತು. ಎಲ್ಲರ ಬಾಯಲ್ಲೂ ಇತ್ತು. ಆದರೆ ಹಾಸಿಗೆಯಲ್ಲಿ ಮಲಗಿದ್ದ ಹೆಂಗಸಿನ ತೊಡೆಸಂದನ್ನು ಯಾರೂ ನೋಡಲಿಲ್ಲ. ಅಲ್ಲೇನಾದರೂ ಗಂಟಿದೆಯೇ ಎಂದು ಯಾರೂ ಕೇಳಲಿಲ್ಲ. ಒಬ್ಬ ಹುಡುಗ ಸೀದಾ ನೋವಿರುವ ಜಾಗಕ್ಕೇ ಕೈಹಾಕಿ ಒತ್ತಿದ. ಖಾಲಾ "ಯಾ ಅಲ್ಲಾ" ಎಂದರು. ಸ್ಕ್ಯಾನಿಂಗ್‌ಗೆ ಬರೆದರು. ನಂಬರು ಮರುದಿನಕ್ಕೆ ಬಂತು. ಗುಂಪು ಮುಂದಿನ ಹಾಸಿಗೆಗೆ ಹೋಯಿತು. ಎಲ್ಲವೂ ಮೂರು ನಿಮಿಷ.

ಮಧ್ಯಾಹ್ನ ಒಬ್ಬ ವಿದ್ಯಾರ್ಥಿನಿ ಮರಳಿ ಬಂದಳು. ಬಿಜಾಪುರದ ಕಡೆಯವಳು, ಕೊನೆಯ ವರ್ಷ. ಮರುದಿನ ಈ ಕೇಸನ್ನು ಗುರುಗಳ ಮುಂದೆ ಒಪ್ಪಿಸುವ ಸರದಿ ಅವಳದು. ಸ್ಟೂಲು ಎಳೆದುಕೊಂಡು ಕೂತಳು. ಅವಳಿಗೆ ನಮ್ಮ ದಖ್ಖನಿ ಅರ್ಧಂಬರ್ಧ ಬರುತ್ತಿತ್ತು, ಖಾಲಾಗೆ ಅವಳ ಕನ್ನಡ ಅರ್ಧಂಬರ್ಧ. "ಅಮ್ಮಾ, ಗಾಳಿ ಹೋಗಿ ಎಷ್ಟು ದಿನ ಆತು?" ಎಂದಳು. ಅಷ್ಟು ನೋವಿನಲ್ಲಿಯೂ ಖಾಲಾಗೆ ನಗು ಬಂತಂತೆ. ಎರಡು ದಿನ ಎಂದರು. "ಮೊದಲು ನೋವು ಬಂದಿದ್ದು ಎಲ್ಲಿ, ಬೆರಳಿಟ್ಟು ತೋರಸ್ರಿ." ತೋರಿಸಿದರು. "ತೊಡೆಸಂದ್ಯಾಗ ಏನರ ಗಂಟು ಐತೇನ್ರಿ?" ಖಾಲಾ ಮಾತಾಡಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಹುಡುಗಿಗೆ ಅರ್ಥವಾಯಿತು. ವಾರ್ಡಿನಲ್ಲಿದ್ದ ಒಂದೇ ಒಂದು ಪರದೆಯ ಗಾಲಿ ಮುರಿದಿತ್ತು. ಖಾಲಾರ ಬುರ್ಖಾವನ್ನೇ ಪರದೆಯಾಗಿ ಹಿಡಿದು ನಿಲ್ಲುವಂತೆ ನಮ್ಮ ಮನೆಯವರಿಗೆ ಹೇಳಿ, "ನೋಡ್ಲೇನಮ್ಮಾ?" ಎಂದು ಅನುಮತಿ ಕೇಳಿ ನೋಡಿದಳು. ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕೆಮ್ಮಲು ಹೇಳಿದಳು, ಅಲುಗಲಿಲ್ಲ. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಅವಳು ಓಡಿದ್ದನ್ನು ನಾವು ಬಾಗಿಲಲ್ಲಿ ನಿಂತು ಕಂಡೆವು. ಆ ರಾತ್ರಿಯೇ ಆಪರೇಷನ್ ಆಯಿತು. ಗೇಣುದ್ದದ ಕರುಳು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ಖಾಲಾ ಬದುಕಿದರು.

ಆ ಗಂಟು ಆರು ವರ್ಷದಿಂದ ಇತ್ತು ಎಂದು ಆಮೇಲೆ ತಿಳಿಯಿತು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇದು ಅಪರೂಪದ ಕಾಯಿಲೆಯಲ್ಲ. ತೊಡೆಯ ರಕ್ತನಾಳ ಹಾದುಹೋಗುವ ಇಕ್ಕಟ್ಟಾದ ಕಿಂಡಿಯಲ್ಲಿ ಕರುಳಿನ ತುಂಡೊಂದು ನುಸುಳುವುದು. ಫೆಮೊರಲ್ ಹರ್ನಿಯಾ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಹೆಚ್ಚು. ಕಿಂಡಿ ಚಿಕ್ಕದಾದ್ದರಿಂದ ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತುಹೋಗುವ ಭಯ ಹೆಚ್ಚು. ಗಂಟು ಚಿಕ್ಕದು, ದಪ್ಪಗಿರುವವರಲ್ಲಿ ಹುಡುಕಿದರೆ ಮಾತ್ರ ಸಿಗುವಂಥದು. ಆದ್ದರಿಂದಲೇ, ಕರುಳು ಕಟ್ಟಿದ ರೋಗಿಯ ಎರಡೂ ತೊಡೆಸಂದು ನೋಡದೆ ಪರೀಕ್ಷೆ ಮುಗಿಯಿತು ಎನ್ನಬಾರದು ಎಂಬ ನಿಯಮವನ್ನು ಸರ್ಜರಿಯ ಗುರುಗಳು ತಲೆಮಾರುಗಳಿಂದ ಹೇಳಿಕೊಡುತ್ತ ಬಂದಿದ್ದಾರೆ. ನಿಯಮ ಎಲ್ಲ ಪುಸ್ತಕಗಳಲ್ಲಿದೆ. ಆ ಬೆಳಿಗ್ಗೆ ಹಾಸಿಗೆಯ ಸುತ್ತ ನಿಂತಿದ್ದ ಎಲ್ಲರ ತಲೆಯಲ್ಲೂ ಇತ್ತು. ತಲೆಯಿಂದ ಬಾಯಿಗೆ ಬರಲು ಭಾಷೆ ಬೇಕಿತ್ತು, ಕೈಗೆ ಬರಲು ಒಂದು ಪರದೆ ಬೇಕಿತ್ತು. ಎರಡೂ ಇರಲಿಲ್ಲ.

ಪಾಠದ ಮೂಲ ಯಾವುದು? ಗೆಳೆಯರ ಪುಸ್ತಕಗಳನ್ನೇ ಎರವಲು ತಂದು ಓದಿದ್ದೇವೆ. ಭಾರತದ ವೈದ್ಯ ವಿದ್ಯಾರ್ಥಿಗಳು ಬಹುಕಾಲದಿಂದ ಬಗಲಲ್ಲಿಟ್ಟುಕೊಂಡು ತಿರುಗುವ ಎಸ್. ದಾಸ್ ಅವರ ಕ್ಲಿನಿಕಲ್ ಸರ್ಜರಿ ಕೈಪಿಡಿ ಶುರುವಾಗುವುದೇ ರೋಗಿಯನ್ನು ಹೇಗೆ ವಿಚಾರಿಸಬೇಕು ಎಂಬುದರಿಂದ. ಮೊದಲು ಕೇಳು. ಆಮೇಲೆ ನೋಡು. ಆಮೇಲೆ ಮುಟ್ಟು. ಆಮೇಲೆ ಬೆರಳಿನಿಂದ ತಟ್ಟು. ಆಮೇಲೆ ಕಿವಿಗೊಡು. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಇದಾದ ಮೇಲೆ. ಈ ಕ್ರಮ ಶಾಸ್ತ್ರಕ್ಕಾಗಿ ಹುಟ್ಟಿದ್ದಲ್ಲ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಮೊದಲು ಹೊಕ್ಕುಳ ಸುತ್ತ ಇರುತ್ತದೆ, ಕೆಲವು ಗಂಟೆಗಳ ಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ಈ ಪ್ರಯಾಣವನ್ನು ಯಾವ ಯಂತ್ರವೂ ತೋರಿಸುವುದಿಲ್ಲ, ಯಂತ್ರಕ್ಕೆ ನಿನ್ನೆಯೆಂಬುದು ಇಲ್ಲ. ಪ್ರಯಾಣ ಮಾಡಿದವನ ಬಾಯಿಂದಲೇ ಕೇಳಬೇಕು. ಬಲಗಡೆಯ ಆ ಬಿಂದುವನ್ನು 1889ರಲ್ಲಿ ನ್ಯೂಯಾರ್ಕಿನ ಸರ್ಜನ್ ಮೆಕ್‌ಬರ್ನಿ ಗುರುತಿಸಿದರು. ಆ ಬಿಂದುವನ್ನು ಅವರು ಹುಡುಕಿದ್ದು ಬೆರಳ ತುದಿಯಿಂದ.

ನೋಡುವುದನ್ನೇ ತೆಗೆದುಕೊಳ್ಳಿ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವನು ಹಾಸಿಗೆಯ ಮೇಲೆ ಹೊರಳಾಡುತ್ತಾನೆ, ಎದ್ದು ಕೂರುತ್ತಾನೆ, ಓಡಾಡುತ್ತಾನೆ. ಕರುಳು ತೂತಾಗಿ ಹೊಟ್ಟೆಯೊಳಗೆಲ್ಲ ನಂಜು ಹರಡಿದವನು ಮಿಸುಕಾಡದೆ ಮಲಗಿರುತ್ತಾನೆ, ಮಂಚ ಅಲ್ಲಾಡಿದರೂ ಮುಖ ಹಿಂಡುತ್ತಾನೆ. ಅರಚುವವನ ಕಡೆಗೆ ಎಲ್ಲರೂ ಓಡುತ್ತಾರೆ. ಸುಮ್ಮನೆ ಬಿದ್ದುಕೊಂಡಿರುವವನ ಜೀವ ಹೆಚ್ಚು ಅಪಾಯದಲ್ಲಿರಬಹುದು ಎಂದು ಕಲಿಸುವುದೇ ಪಾಠ. ಮುಟ್ಟುವುದಕ್ಕೂ ರೀತಿಯಿದೆ. ಕೈಯನ್ನು ಬೆಚ್ಚಗೆ ಮಾಡಿಕೊಂಡು, ನೋವಿಲ್ಲದ ಜಾಗದಿಂದ ಶುರುಮಾಡಿ, ಕಣ್ಣನ್ನು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿಟ್ಟು ಮುಟ್ಟಬೇಕು. ಹರ್ನಿಯಾ ಇದೆಯೇ ನೋಡಲು, ನಿಲ್ಲಬಲ್ಲ ರೋಗಿಯಾದರೆ, ನಿಲ್ಲಿಸಿ ಕೆಮ್ಮಿಸಬೇಕು. ಮಲಗಿದಾಗ ಒಳಸರಿದ ಗಂಟು ನಿಂತಾಗ ಹೊರಬರುತ್ತದೆ. ಹಳೆಯ ಆಪರೇಷನ್ನಿನ ಗಾಯದ ಗುರುತು ಹುಡುಕಬೇಕು. ಆಪರೇಷನ್ ತೀರ್ಮಾನವಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಯಾವ ಮಾತ್ರೆ ನುಂಗುತ್ತಾರೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಬೀಡಿ ಸೇದುತ್ತಾರೆಯೆ, ಕೊನೆಯ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಹೊಟ್ಟೆ ತುಂಬಿದವನಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಇವೆಲ್ಲ ಒಂದು ರೂಪಾಯಿ ಖರ್ಚಿಲ್ಲದ ಪ್ರಶ್ನೆಗಳು.

ನಮ್ಮ ದೇಶದಲ್ಲಿ ಪೂರ್ವಿಕರ ಹೆಸರು ಹೇಳಿ ಎದೆ ತಟ್ಟಿಕೊಳ್ಳುವವರಿಗೆ ಬರವಿಲ್ಲ. ಒಂದು ಕಡೆ ಸುಶ್ರುತನೇ ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಎನ್ನುವವರು. ಇನ್ನೊಂದು ಕಡೆ, ನಮ್ಮ ಜಲಸಾಗಳಲ್ಲಿ, ಸರ್ಜರಿಯೆಂದರೆ ಕೊರ್ಡೋವಾದ ಅಜ್ಜಹ್ರಾವಿ ಎನ್ನುವವರು. ಇಬ್ಬರೂ ದೊಡ್ಡವರು, ಸಂದೇಹವಿಲ್ಲ. ಆದರೆ ಈ ಭಕ್ತರು ತಮ್ಮ ಪೂರ್ವಿಕರು ಪಾಠ ಹೇಳಿದ್ದು ಹೇಗೆ ಎಂದು ಒಮ್ಮೆಯಾದರೂ ನೋಡಿದ್ದಾರೆಯೆ? ರೋಗವನ್ನು ತಿಳಿಯಲು ಆರು ದಾರಿಗಳಿವೆ ಎನ್ನುತ್ತದೆ ಸುಶ್ರುತ ಸಂಹಿತೆ. ಐದು ಇಂದ್ರಿಯಗಳು, ಆರನೆಯದು ಪ್ರಶ್ನೆ. ಕೈ ಪಳಗುವ ತನಕ ಕುಂಬಳ, ಸೋರೆ, ಚರ್ಮದ ಚೀಲಗಳ ಮೇಲೆ ಅಭ್ಯಾಸ ಮಾಡಿಸಬೇಕು ಎಂದೂ ಅಲ್ಲಿ ವಿಧಿಯಿದೆ. ಇತ್ತ 10ನೇ ಶತಮಾನದ ಕೊನೆಯಲ್ಲಿ ಇಬ್ನ್ ನದೀಮ್ ಬರೆದ ಫಿಹರಿಸ್ತ್ ಎಂಬ ಗ್ರಂಥದಲ್ಲಿ ಹಕೀಮ್ ಅರ್‍ರಾಝಿಯ ದರಬಾರಿನ ಚಿತ್ರವಿದೆ. ನಡುವೆ ಗುರು, ಅವರ ಸುತ್ತ ಶಿಷ್ಯರು, ಅವರ ಆಚೆ ಶಿಷ್ಯರ ಶಿಷ್ಯರು. ಬಂದ ರೋಗಿ ತನ್ನ ಕಷ್ಟವನ್ನು ಮೊದಲು ಹೊರಸುತ್ತಿನ ಎಳೆಯರಿಗೆ ಹೇಳಬೇಕು. ಅವರಿಗೆ ತಿಳಿಯದಿದ್ದರೆ ಒಳಸುತ್ತಿಗೆ. ಅಲ್ಲಿಯೂ ತಿಳಿಯದಿದ್ದರೆ ಮಾತ್ರ ಅರ್‍ರಾಝಿ ಬಾಯಿ ತೆರೆಯುತ್ತಿದ್ದರು. ಸಾವಿರ ವರ್ಷದ ಹಿಂದೆ ವಿದ್ಯಾರ್ಥಿ ಮೊದಲು ಕೇಳುತ್ತಿದ್ದ, ಗುರು ಕೊನೆಗೆ ಮಾತಾಡುತ್ತಿದ್ದರು. ಇಂದು ಗುರು ಮೊದಲು ಮಾತಾಡುತ್ತಾರೆ, ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ರೋಗಿಯ ಸರದಿ ಬರುವುದೇ ಇಲ್ಲ. ಮೆರವಣಿಗೆಗೆ ಪೂರ್ವಿಕರು ಬೇಕು, ವಾರ್ಡಿಗೆ ಬೇಡ ಎನ್ನುವುದಾದರೆ ಅದೆಂಥ ಅಭಿಮಾನ?

ಅಭಿಮಾನ ಬದಿಗಿರಲಿ, ಯೂರೋಪಿನಿಂದ ಕಲಿಯಬೇಕಾದದ್ದನ್ನಾದರೂ ಕಲಿತೆವೆ? ಆಸ್ಟ್ರಿಯಾದ ಔಯೆನ್‌ಬ್ರುಗರ್ ಹೋಟೆಲಿನವನ ಮಗ. ತುಂಬಿದ ಪೀಪಾಯಿಗೂ ಖಾಲಿ ಪೀಪಾಯಿಗೂ ತಟ್ಟಿದಾಗ ಬರುವ ದನಿ ಬೇರೆ ಎಂದು ಬಾಲ್ಯದಿಂದ ಬಲ್ಲವನು. 1761ರಲ್ಲಿ ಆತ ಎದೆಯನ್ನು ತಟ್ಟಿ ಒಳಗಿನ ನೀರನ್ನು ಅರಿಯುವ ವಿಧಾನವನ್ನು ಬರೆದ. ಪ್ಯಾರಿಸಿನ ಲೆನೆಕ್ ಎಂಬ ವೈದ್ಯನ ಮುಂದೆ 1816ರಲ್ಲಿ ಒಬ್ಬ ತರುಣಿ ಹೃದ್ರೋಗವೆಂದು ಬಂದಳು. ಅಂದಿನ ರೂಢಿಯಂತೆ ಅವಳ ಎದೆಗೆ ಕಿವಿ ಇಡಲು ಆತನಿಗೆ ಸಂಕೋಚವಾಯಿತು. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೆ, ಇನ್ನೊಂದನ್ನು ತನ್ನ ಕಿವಿಗೆ ಇಟ್ಟುಕೊಂಡ. ಇಂದು ಎಲ್ಲ ವಿದ್ಯಾರ್ಥಿಗಳ ಕೊರಳಲ್ಲಿ ತೂಗುವ ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ, ಒಬ್ಬ ಹೆಣ್ಣಿನ ಮಾನಕ್ಕೆ ಬೆಲೆ ಕೊಟ್ಟಿದ್ದರಿಂದ. ಮರ್ಯಾದೆ ಅಡ್ಡ ಬಂತೆಂದು ಲೆನೆಕ್ ಪರೀಕ್ಷೆಯನ್ನು ಕೈಬಿಡಲಿಲ್ಲ. ಪರೀಕ್ಷೆ ಬೇಕೆಂದು ಮರ್ಯಾದೆಯನ್ನೂ ತುಳಿಯಲಿಲ್ಲ. ಬುರ್ಖಾವನ್ನು ಪರದೆ ಮಾಡಿಕೊಂಡ ನಮ್ಮ ಬಿಜಾಪುರದ ಹುಡುಗಿ ಮಾಡಿದ್ದೂ ಅದನ್ನೇ.

ಈಗ ಭಾಷೆಯ ಮಾತಿಗೆ ಬರೋಣ. ರೋಗಿಯ ದೂರನ್ನು ಅವರ ಸ್ವಂತ ಮಾತಿನಲ್ಲಿಯೇ ಬರೆದುಕೊಳ್ಳಬೇಕು ಎಂಬುದು ಹಿಸ್ಟರಿಯ ಹಳೆಯ ನಿಯಮ. ನಮ್ಮ ಆಸ್ಪತ್ರೆಗಳ ಕೇಸ್ ಶೀಟು ತೆಗೆದು ನೋಡಿ. ಕುಷ್ಟಗಿಯ ಕುರುಬರ ಅಜ್ಜಿಯ ಸ್ವಂತ ಮಾತು ಇಂಗ್ಲಿಷಿನಲ್ಲಿರುತ್ತದೆ! ಅಜ್ಜಿ "ಹೊಟ್ಟಿ ಕಡಿಯಾಕ ಹತ್ತೈತಿ" ಎಂದಿರುತ್ತಾಳೆ. ಅಲ್ಲಿ ಅದು ಹಿಂಡುವ ನೋವು. ಮೈಸೂರು ಕಡೆಯ ವಿದ್ಯಾರ್ಥಿಗೆ ಕಡಿತವೆಂದರೆ ತುರಿಕೆ. ಮಂಗಳೂರಿನಲ್ಲಿ ತುಳು ಹೆಂಗಸು "ಬಂಜಿ ಬೇನೆ" ಎಂದರೆ ಹೊಟ್ಟೆನೋವು. ಘಟ್ಟದ ಮೇಲಿನ ಹುಡುಗನ ಕಿವಿಗೆ ಅದು ಬಂಜೆ ಎಂದು ಕೇಳಿಸಿದರೆ ಅವನದೇನು ತಪ್ಪು? "ಎದೆ ಉರಿ" ಎಂದವನನ್ನು ಎದೆನೋವಿನವನೆಂದು ಬರೆದರೆ ಅವನ ದಾರಿಯೇ ಬೇರೆಯಾಗುತ್ತದೆ. ನಮ್ಮ ದಖ್ಖನಿ ಹೆಂಗಸರು "ಪೇಟ್ ಮೇ ಮರೋಡ್" ಎನ್ನುತ್ತಾರೆ, ಬಟ್ಟೆ ಹಿಂಡಿದಂತೆ ನುಲಿಯುವ ನೋವು. ನೋವು ಹೇಗಿದೆ ಎಂದು ವಿಚಾರಿಸಲು ವಿದ್ಯಾರ್ಥಿಗಳು ಸಾಕ್ರೆಟಿಸ್ ಹೆಸರಿನ ಅಕ್ಷರಗಳನ್ನು ಬಾಯಿಪಾಠ ಮಾಡುತ್ತಾರೆ. ಎಲ್ಲಿ, ಯಾವಾಗ, ಎಂಥದು, ಎತ್ತ ಹರಿಯುತ್ತದೆ ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಶ್ನೆ. ಒಳ್ಳೆಯ ಉಪಾಯ. ಆದರೆ ಸಾಕ್ರೆಟಿಸ್ ಅಥೆನ್ಸಿನ ಬೀದಿಯಲ್ಲಿ ಪ್ರಶ್ನೆ ಕೇಳಿದ್ದು ಅಥೆನ್ಸಿನವರ ಭಾಷೆಯಲ್ಲಿ. ಚುಚ್ಚುವುದು, ಹಿಂಡುವುದು, ಸಿಡಿಯುವುದು, ಉರಿಯುವುದು, ಎಳೆಯುವುದು, ಜುಮುಗುಡುವುದು, ನುಲಿಯುವುದು, ತೊಳಸುವುದು ಎಂದು ನೋವಿಗೆ ಎಷ್ಟೊಂದು ಕ್ರಿಯಾಪದಗಳಿರುವ ಭಾಷೆ ನಮ್ಮದು! ಅವೆಲ್ಲವನ್ನೂ ನೋವು ಎಂಬ ಒಂದೇ ಚೀಲಕ್ಕೆ ತುಂಬಿ ಇಂಗ್ಲಿಷಿಗೆ ಸಾಗಿಸುತ್ತೇವೆ.

ಹಾಗಾದರೆ ಸರ್ಜರಿಯನ್ನು ಕನ್ನಡದಲ್ಲೇ ಕಲಿಸಬೇಕೆ ಎಂದು ಕೇಳಬಹುದು. ನಮ್ಮ ಬೇಡಿಕೆ ಅದಲ್ಲ. ಉರ್ದುವಿನಲ್ಲಿ ವೈದ್ಯ ಕಲಿಸಿದ ಇತಿಹಾಸ ನಮ್ಮ ಪಕ್ಕದಲ್ಲೇ ಇದೆ. ಹೈದರಾಬಾದಿನ ಮೆಡಿಕಲ್ ಸ್ಕೂಲು 1846ರಲ್ಲಿ ಶುರುವಾದಾಗ ಪಾಠ ಉರ್ದುವಿನಲ್ಲಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ 1948ರ ತನಕ ವೈದ್ಯವನ್ನೂ ಉರ್ದುವಿನಲ್ಲಿಯೇ ಕಲಿಸಿತು. ಉರ್ದು ಓದಿದ ನಮಗೆ ಇದು ಹೆಮ್ಮೆ. ಆದರೆ ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನ ಒಕ್ಕಲುಮಗನ ನೋವು ಕನ್ನಡದಲ್ಲಿತ್ತು. ಅವನಿಗೆ ಉರ್ದು ಡಾಕ್ಟರೂ ಒಂದೇ, ಇಂಗ್ಲಿಷ್ ಡಾಕ್ಟರೂ ಒಂದೇ. 2022ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದಲ್ಲಿ ಎಂಬಿಬಿಎಸ್ ಪುಸ್ತಕಗಳನ್ನು ಹಿಂದಿಗೆ ತಂದು ದೊಡ್ಡ ಸಮಾರಂಭ ಮಾಡಿದರು. ಪುಸ್ತಕ ಯಾವ ಭಾಷೆಯಲ್ಲಾದರೂ ಇರಲಿ, ಪ್ರಶ್ನೆ ರೋಗಿಯ ಭಾಷೆಯಲ್ಲಿರಲಿ. ನಾವು ಕೇಳುವುದು ಇಷ್ಟೇ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. 2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ವರ್ಷದ ಆರಂಭದಲ್ಲೇ ಸ್ಥಳೀಯ ಭಾಷೆಯ ಪಾಠವಿದೆ. ರೋಗಿಯ ಜೊತೆ ಮಾತುಕತೆ, ನಡವಳಿಕೆ, ನೀತಿ ಇವಕ್ಕೆಂದೇ ಒಂದು ಭಾಗವಿದೆ. ಕಾಗದದ ಮೇಲೆ ಸೊಗಸಾಗಿದೆ. ಆದರೆ "ನಿಮ್ಮ ಹೆಸರೇನು, ಊರು ಯಾವುದು" ಎಂದು ಕಲಿಸಿ ಬಿಟ್ಟರೆ, "ಕೊನೆಯ ಸಲ ಗಾಳಿ ಹೋಗಿದ್ದು ಯಾವಾಗ, ಮುಟ್ಟು ತಪ್ಪಿ ಎಷ್ಟು ದಿನವಾಯಿತು, ತೊಡೆಸಂದಿನಲ್ಲಿ ಗಂಟಿದೆಯೆ" ಎಂದು ಕೇಳುವ ಕನ್ನಡವನ್ನು ಕಲಿಸುವವರು ಯಾರು? ಅದನ್ನು ಕನ್ನಡ ಮೇಷ್ಟ್ರು ಕಲಿಸಲಾರರು. ಹಾಸಿಗೆಯ ಪಕ್ಕ ಕೂತು ಸರ್ಜರಿಯ ಗುರುವೇ ಕಲಿಸಬೇಕು. ಹೊರ ರಾಜ್ಯದ ಮಕ್ಕಳಿಗಷ್ಟೇ ಇದು ಬೇಕು ಎಂದುಕೊಳ್ಳಬೇಡಿ. ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಬೆಳೆದ ಬೆಂಗಳೂರಿನ ಕನ್ನಡದ ಮಗುವಿಗೂ ಬಯಲಕಡೆ ಎಂದರೇನೆಂದು ತಿಳಿಯದು.

ಇನ್ನು ಕೇಸ್ ಎಂಬ ಮಾತು. ವಾರ್ಡಿನಲ್ಲಿ ಮನುಷ್ಯರಿಲ್ಲ, ಕೇಸುಗಳಿದ್ದಾರೆ. ಒಳ್ಳೆಯ ಗಂಟು ಇರುವವರು ಒಳ್ಳೆಯ ಕೇಸು. ಪರೀಕ್ಷೆಯ ದಿನಗಳಲ್ಲಿ ಅವರಿಗೆ ಬೆಲೆ ಬರುತ್ತದೆ; ಎಷ್ಟೋ ಸಲ ರೋಗಿಯೇ ವಿದ್ಯಾರ್ಥಿಯ ಕಿವಿಯಲ್ಲಿ ತನ್ನ ಕಾಯಿಲೆಯ ಇಂಗ್ಲಿಷ್ ಹೆಸರು ಉಸುರುವುದು ವೈದ್ಯರ ನಡುವೆ ಹಳೆಯ ನಗೆಚಾಟಿಕೆ. ನಮಗೆ ನಗು ಬರುವುದಿಲ್ಲ. ಒಂದೇ ಎದೆಯ ಗಂಟನ್ನು ಹತ್ತು ಕೈಗಳು ಒಂದಾದ ಮೇಲೊಂದು ಮುಟ್ಟುತ್ತವೆ, ಆ ಹೆಂಗಸಿನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಇದು ಆಗುವುದು ಜನರಲ್ ವಾರ್ಡಿನಲ್ಲಿ. ಸ್ಪೆಷಲ್ ರೂಮಿನ ಹೆಂಗಸಿನ ಮೈ ಯಾರಿಗೂ ಪಾಠವಾಗುವುದಿಲ್ಲ. ಬಡವರ ಮೈಯ ಮೇಲೆ ಕಲಿತು ಉಳ್ಳವರ ಮೈಯ ಮೇಲೆ ದುಡಿಯುವ ವಿದ್ಯೆ ಇದು. ಕಲಿಯಬಾರದು ಎನ್ನುತ್ತಿಲ್ಲ. ಮೈ ಕೊಟ್ಟು ಕಲಿಸುತ್ತಿರುವವರೂ ಗುರುಗಳೇ ಎಂಬ ಅರಿವಾದರೂ ಬೇಡವೆ?

ಒಪ್ಪಿಗೆಯೆಂದರೆ ಹೆಬ್ಬೆಟ್ಟಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ದುರ್ಬೀನು ಹಾಕಿ ಹೊಟ್ಟೆಯೊಳಗೆ ನೋಡಲು ಆ ಹೆಂಗಸು ಒಪ್ಪಿದ್ದಳು. ಅವಳು ಅರಿವಳಿಕೆಯಲ್ಲಿರುವಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಗಿತ್ತು. ನೋಡಲು ಕೊಟ್ಟ ಒಪ್ಪಿಗೆ ಕತ್ತರಿಸಲು ಕೊಟ್ಟ ಒಪ್ಪಿಗೆಯಾಗದು, ಪ್ರಜ್ಞೆಯಿರುವ ವಯಸ್ಕರ ಪರವಾಗಿ ಬೇರೆಯವರು ಒಪ್ಪಲಾಗದು ಎಂದಿತು ಕೋರ್ಟು. ಹಾಗಿದ್ದೂ ನಮ್ಮ ವಾರ್ಡುಗಳಲ್ಲಿ ಹೆಂಡತಿಯ ಆಪರೇಷನ್ನಿಗೆ ಗಂಡನ ಸಹಿ, ತಾಯಿಯ ಆಪರೇಷನ್ನಿಗೆ ಮಗನ ಸಹಿ ಹಾಕಿಸಿಕೊಂಡರೆ ಸಾಕು ಎಂಬ ರೂಢಿ ಹೋಗಿಲ್ಲ. ವಿದ್ಯಾರ್ಥಿ ಅದನ್ನೂ ನೋಡಿ ಕಲಿಯುತ್ತಾನೆ.

ಕಾಲ ಬದಲಾಗಿದೆ, ಈಗ ಸಿಟಿ ಸ್ಕ್ಯಾನ್ ಇದೆ, ಈ ಹಳೆಯ ವಿದ್ಯೆ ಏತಕ್ಕೆ ಎನ್ನುವವರಿದ್ದಾರೆ. ಸ್ಕ್ಯಾನ್ ದೊಡ್ಡ ವರ, ಅದರ ಋಣ ನಮ್ಮ ಮನೆಗೂ ಇದೆ. ಆದರೆ ಎಲ್ಲಿ ನೋಡಬೇಕು, ಏಕೆ ನೋಡಬೇಕು, ಎಷ್ಟು ಬೇಗ ನೋಡಬೇಕು ಎಂದು ಯಂತ್ರಕ್ಕೆ ಹೇಳುವವರು ಯಾರು? ಸ್ಕ್ಯಾನಿನ ನಂಬರು ಮರುದಿನ ಬರುವ ಊರಿನಲ್ಲಿ ಈ ರಾತ್ರಿ ಏನು ಮಾಡಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿ ನಿಂತ ಯುವ ವೈದ್ಯೆಗೆ ಅವಳ ಕಣ್ಣು, ಕೈ, ಕಿವಿ ಬಿಟ್ಟರೆ ಮತ್ತೇನಿರುತ್ತದೆ? ಲಂಡನ್ನಿನ ಸರ್ಜನ್ ಝಕಾರಿ ಕೋಪ್ 1921ರಲ್ಲಿ ತುರ್ತು ಹೊಟ್ಟೆನೋವಿನ ಬಗ್ಗೆ ಬರೆದ ಪುಸ್ತಕವನ್ನು ನೂರು ವರ್ಷವಾದರೂ ಪರಿಷ್ಕರಿಸಿ ಅಚ್ಚು ಹಾಕುತ್ತಲೇ ಇದ್ದಾರೆ. ಆತನಿಗೆ ಅದೂ ಸಾಲದೆ, 1947ರಲ್ಲಿ ಅದೇ ಪಾಠವನ್ನು ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿಯಲೆಂದು ಪ್ರಾಸಬದ್ಧ ಪದ್ಯವಾಗಿ ಬರೆದ. ಕಲಿಸುವ ಹಂಬಲ ಎಂದರೆ ಅದು.

ಸಮಯವೆಲ್ಲಿದೆ, ಓಪಿಡಿಯಲ್ಲಿ ದಿನಕ್ಕೆ ನೂರಾರು ಜನ ಎಂಬುದು ಎರಡನೆಯ ಉತ್ತರ. ಪ್ರೊಫೆಸರರಿಗೆ ಸಮಯವಿಲ್ಲ, ಒಪ್ಪೋಣ. ಪಿಜಿಗಳು ನಿದ್ದೆಯಿಲ್ಲದೆ ದುಡಿಯುತ್ತಾರೆ, ಒಪ್ಪೋಣ. ಸಿಸ್ಟರ್‌ಗಳಿಗೆ ಉಸಿರಾಡಲು ಬಿಡುವಿಲ್ಲ. ಇಡೀ ಆಸ್ಪತ್ರೆಯಲ್ಲಿ ಸಮಯ ಇರುವುದು ಒಬ್ಬರಿಗೇ, ವಿದ್ಯಾರ್ಥಿಗೆ. ಸ್ಟೂಲು ಎಳೆದುಕೊಂಡು ಅರ್ಧ ಗಂಟೆ ಕೂರಬಲ್ಲವರು ಅವರೊಬ್ಬರೇ. ಆ ಸಮಯವನ್ನು ನಾವು ಎಲ್ಲಿ ಚೆಲ್ಲುತ್ತಿದ್ದೇವೆ? ಪಿಜಿ ನೀಟ್ ಎಂಬ ಇನ್ನೂರು ಪ್ರಶ್ನೆಗಳ ಪರೀಕ್ಷೆಯಲ್ಲಿ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಆ ಪರೀಕ್ಷೆಯಲ್ಲಿ ಗೋಡೆಗೆ ಮುಖ ತಿರುಗಿಸಿದ ಹೆಂಗಸು ಇರುವುದಿಲ್ಲ. ಅದಕ್ಕೆ ಅಂಕವೂ ಇಲ್ಲ. ಹೌಸ್ ಸರ್ಜನ್‌ಗಳು ವಾರ್ಡು ಬಿಟ್ಟು ಲೈಬ್ರರಿ ಸೇರಿದರೆ ಅವರನ್ನು ಬೈದು ಪ್ರಯೋಜನವಿಲ್ಲ, ನಾವು ಇಟ್ಟ ಲೆಕ್ಕವೇ ಹಾಗಿದೆ. ಇನ್ನು ಕೆಲವು ಕಾಲೇಜುಗಳಲ್ಲಿ ಕೇಳಲು ರೋಗಿಯೇ ಇಲ್ಲ. ತಪಾಸಣೆಗೆ ಬಂದವರ ಮುಂದೆ ಇಲ್ಲದ ಅಧ್ಯಾಪಕರನ್ನೂ ಸುಳ್ಳು ರೋಗಿಗಳನ್ನೂ ತೋರಿಸಲಾಗಿತ್ತು ಎಂಬ ಆರೋಪದ ಮೇಲೆ ಸಿಬಿಐ 2025ರಲ್ಲಿ ಪ್ರಕರಣವನ್ನೇ ದಾಖಲಿಸಿತು. ಖಾಲಿ ಮಂಚದಿಂದ ಹಿಸ್ಟರಿ ತೆಗೆದುಕೊಂಡ ವೈದ್ಯರು ನಾಳೆ ನಮ್ಮ ಹೊಟ್ಟೆ ಮುಟ್ಟುವವರು.

ಈಗ ನಮ್ಮ ಮನೆಯ ಕಸ. ನಮ್ಮ ಹೆಂಗಸರ ಪರವಾಗಿ ನಾವು ಗಂಡಸರು ಮಾತಾಡುವುದನ್ನು ನಿಲ್ಲಿಸಬೇಕು. ಹೆಂಗಸಿನ ನೋವನ್ನು ಗಂಡಸು ಅನುವಾದಿಸಿದರೆ ಅದು ಯಾವಾಗಲೂ ಗ್ಯಾಸ್ಟ್ರಿಕ್ ಆಗುತ್ತದೆ. ಹಯಾ ಎಂಬ ಒಳ್ಳೆಯ ಮಾತನ್ನು ನಾವು ಹೆಣ್ಣಿನ ಬಾಯಿಗೆ ಬೀಗ ಮಾಡಿಟ್ಟಿದ್ದೇವೆ. ಖಾಲಾ ಆರು ವರ್ಷ ಆ ಗಂಟನ್ನು ಮುಚ್ಚಿಟ್ಟುಕೊಂಡದ್ದು ಡಾಕ್ಟರಿಗೆ ಹೆದರಿ ಅಲ್ಲ, ನಮಗೆ ಹೆದರಿ. ಲೇಡಿ ಡಾಕ್ಟರೇ ಬೇಕು ಎಂದು ಆಸ್ಪತ್ರೆಯಲ್ಲಿ ಗಲಾಟೆ ಮಾಡುವ ನಾವು, ನಮ್ಮ ಮಗಳು ಸರ್ಜನ್ ಆಗುತ್ತೇನೆ ಎಂದರೆ ರಾತ್ರಿ ಡ್ಯೂಟಿ ಇರುತ್ತದೆ, ಮದುವೆ ತಡವಾಗುತ್ತದೆ ಎನ್ನುತ್ತೇವೆ. ಹಾಗಾದರೆ ಆ ಲೇಡಿ ಡಾಕ್ಟರು ಯಾರ ಮನೆಯಿಂದ ಬರಬೇಕು? ಇದು ಮುಸ್ಲಿಮರ ಕತೆ ಮಾತ್ರವಲ್ಲ. ಸೆರಗಿನ ಮರೆಯಲ್ಲಿ ಎದೆಯ ಗಂಟು ಬಚ್ಚಿಟ್ಟುಕೊಂಡ ಅಮ್ಮಂದಿರು ಎಲ್ಲ ಜಾತಿಯಲ್ಲಿದ್ದಾರೆ.

ವೈದ್ಯ ಗುರುಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಹಾಸಿಗೆಗೂ ಒಂದು ಪರದೆ ಇರಲಿ, ಅದರ ಗಾಲಿ ಸರಿಯಿರಲಿ. ರೋಗಿಯ ದೂರಿನ ಮೊದಲ ಸಾಲನ್ನು ಅವರಾಡಿದ ಮಾತಿನಲ್ಲೇ, ಕನ್ನಡವೋ ತುಳುವೋ ದಖ್ಖನಿಯೋ ಲಂಬಾಣಿಯೋ, ಕನ್ನಡ ಲಿಪಿಯಲ್ಲಿ ಬರೆಸಿ. ಆಮೇಲೆ ಬೇಕಾದರೆ ಇಂಗ್ಲಿಷ್ ಬರಲಿ. ಮುಟ್ಟುವ ಮೊದಲು ಹೆಸರು ಹೇಳಿಕೊಂಡು ಅನುಮತಿ ಕೇಳದ ವಿದ್ಯಾರ್ಥಿಗೆ ಅಂಕ ಕಳೆಯಿರಿ. ಪರೀಕ್ಷೆಯಲ್ಲಿ ಕಾಯಿಲೆಯ ಹೆಸರು ಹೇಳಿದ್ದಕ್ಕೆ ಕೊಡುವಷ್ಟೇ ಅಂಕವನ್ನು ರೋಗಿಯ ಜೊತೆ ಮಾತಾಡಿದ ರೀತಿಗೂ ಕೊಡಿ. ವಾರಕ್ಕೆ ಒಂದು ದಿನವಾದರೂ ರೌಂಡ್ಸಿನಲ್ಲಿ ವಿದ್ಯಾರ್ಥಿ ಮೊದಲು ಕೇಳಲಿ, ನೀವು ಕೊನೆಗೆ ಮಾತಾಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ.

ಆ ಹುಡುಗಿ ಮರುದಿನ ಗುರುಗಳ ಮುಂದೆ ಕೇಸ್ ಒಪ್ಪಿಸಬೇಕಿತ್ತಲ್ಲ. ಅಷ್ಟರಲ್ಲಿ ಆಪರೇಷನ್ ಮುಗಿದುಹೋಗಿತ್ತು. ಒಪ್ಪಿಸಲು ಗಂಟೇ ಇರಲಿಲ್ಲವಾದ್ದರಿಂದ ಅವಳಿಗೆ ಬೇರೆ ಹಾಸಿಗೆಯ ಕೇಸು ಕೊಟ್ಟರಂತೆ. ನಾಲ್ಕು ದಿನ ಕಳೆದ ಮೇಲೆ ಖಾಲಾಗೆ ಗಾಳಿ ಹೋಯಿತು. ಕರುಳು ಮತ್ತೆ ಕೆಲಸ ಮಾಡತೊಡಗಿತು ಎಂಬುದರ ಗುರುತು ಅದು. ಇಂಥ ಮಾತನ್ನು ಎಂದೂ ಬಾಯಿಬಿಟ್ಟು ಹೇಳದ ನಮ್ಮ ಖಾಲಾ, ಅಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ ನಮ್ಮನ್ನೇ ಕರೆದು ಹೇಳಿದರು: "ಜಾ, ಉಸ್ ಛೋಕ್ರಿ ಕೋ ಬೋಲ್." ಹೋಗು, ಆ ಹುಡುಗಿಗೆ ಹೇಳಿ ಬಾ.